ಗೋಡೆ ಮೇಲೆ ಮೂರು ಹೆಸರು, ನಾಲ್ಕನೆಯವಳು ಎಲ್ಲಿ?

ಕಳೆದ ಸಂಚಿಕೆಯ ಕೊನೆಪುಟದಲ್ಲಿ ಒಂದು ಹಳೇ ಫೋಟೋ ಹಾಕಿದ್ದೆವು. ಲಾಸ್ ಏಂಜಲೀಸಿನ ಕೌಂಟಿ ಕಲಾ ಮ್ಯೂಸಿಯಂ, ಗೋಡೆ ಮೇಲೆ ಸ್ಪ್ರೇ ಬಣ್ಣದಲ್ಲಿ ಗೀಚಿದ ಹೆಸರುಗಳು, ಅದರ ಮೇಲ್ಗಡೆ ಕಂಬಿಯ ಹಿಂದೆ ನಿಂತ ಒಬ್ಬ ಹುಡುಗಿ. ಕೆಳಗೆ ‘ಚಿಕಾನಾ ಕಲಾವಿದೆ ಪ್ಯಾಟ್ಸಿ ವಾಲ್ಡೆಜ್, 1972’ ಅಂತ ಒಂದೇ ಸಾಲು. ಜಾಗ ಇರಲಿಲ್ಲ, ಅಷ್ಟಕ್ಕೇ ಬಿಟ್ಟೆ. ಅದಕ್ಕೆ ಶಿಕ್ಷೆ ಅನ್ನೋ ಹಾಗೆ ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅದರ ಬಗ್ಗೆಯೇ. ಹಾಗಾಗಿ ಅಡುಗೆ, ಆರೋಗ್ಯದ ಪ್ರಶ್ನೆ ಕಳಿಸಿದವರು ಒಂದು ತಿಂಗಳು ತಡೆದುಕೊಳ್ಳಿ.

ಆ ಫೋಟೋದಲ್ಲಿ ಹುಡುಗಿ ಇದ್ದಾಳೆ, ಆದರೆ ಗೋಡೆ ಮೇಲಿರೋ ಹೆಸರುಗಳಲ್ಲಿ ಅವಳ ಹೆಸರೇ ಕಾಣಲಿಲ್ಲ. ನಾನು ಸರಿಯಾಗಿ ಓದಲಿಲ್ಲವೋ, ನೀವು ಫೋಟೋ ಕತ್ತರಿಸಿದಿರೋ?
– ಚಿತ್ರಕಲಾ ವಿದ್ಯಾರ್ಥಿನಿ, ಧಾರವಾಡ

ಕಣ್ಣು ಚುರುಕಾಗಿದೆ ತಂಗಿ. ನಾವು ಏನೂ ಕತ್ತರಿಸಿಲ್ಲ, ಅವಳ ಹೆಸರು ಅಲ್ಲಿ ಇರಲೇ ಇಲ್ಲ.

ಕತೆ ಹೀಗೆ. ಪೂರ್ವ ಲಾಸ್ ಏಂಜಲೀಸಿನಲ್ಲಿ ಮೆಕ್ಸಿಕೊ ಮೂಲದ ನಾಲ್ಕು ಜನ ಸೇರಿ ‘ಆಸ್ಕೊ’ ಅಂತ ಒಂದು ಗುಂಪು ಕಟ್ಟಿದ್ದರು. ಸ್ಪ್ಯಾನಿಷ್‌ನಲ್ಲಿ ಆ ಮಾತಿಗೆ ವಾಕರಿಕೆ, ಅಸಹ್ಯ ಅಂತ ಅರ್ಥ. ಹ್ಯಾರಿ ಗಂಬೋವಾ, ಗ್ರಾಂಕ್, ವಿಲ್ಲಿ ಎರೋನ್, ಮತ್ತೆ ಪ್ಯಾಟ್ಸಿ ವಾಲ್ಡೆಜ್. ಗಂಬೋವಾ ಒಂದು ದಿನ ಆ ಮ್ಯೂಸಿಯಂಗೆ ಹೋಗಿ, ಇಲ್ಲಿ ನಮ್ಮವರ ಚಿತ್ರ ಒಂದೂ ಯಾಕಿಲ್ಲ ಅಂತ ಅಲ್ಲಿನ ಒಬ್ಬ ಅಧಿಕಾರಿಯನ್ನು ಕೇಳಿದರಂತೆ. ಚಿಕಾನೊಗಳು ಕಲೆ ಮಾಡೋದಿಲ್ಲ, ಗ್ಯಾಂಗ್ ಸೇರ್ತಾರೆ ಅನ್ನೋ ಅರ್ಥದ ಉತ್ತರ ಬಂತಂತೆ. ಸರಿ, ರಾತ್ರಿ ಮೂವರು ಗಂಡಸರು ಹೋಗಿ ಮ್ಯೂಸಿಯಂ ಬಾಗಿಲ ಹತ್ತಿರ ತಮ್ಮ ಹೆಸರು ಸ್ಪ್ರೇ ಮಾಡಿ ಬಂದರು. ಚಿತ್ರ ಬರೆದವನು ಮೂಲೆಯಲ್ಲಿ ಸಹಿ ಹಾಕ್ತಾನಲ್ವಾ, ಇವರು ಇಡೀ ಕಟ್ಟಡಕ್ಕೇ ಸಹಿ ಹಾಕಿ ಇದೂ ನಮ್ಮದೇ ಕೃತಿ ಅಂದುಬಿಟ್ಟರು. ಮರುದಿನ ಗಂಬೋವಾ ಕ್ಯಾಮೆರಾ ತಗೊಂಡು ಹೋಗಿ, ಆ ಹೆಸರುಗಳ ಮೇಲ್ಗಡೆ ಪ್ಯಾಟ್ಸಿಯನ್ನು ನಿಲ್ಲಿಸಿ ಫೋಟೋ ತೆಗೆದರು. ಮ್ಯೂಸಿಯಂನವರು ಬೇಗ ಬೇಗ ಬಣ್ಣ ಬಳಿದು ಮುಚ್ಚಿದರು, ಹಾಗಾಗಿ ಇವತ್ತು ಉಳಿದಿರೋದು ಫೋಟೋ ಮಾತ್ರ. ಆ ಫೋಟೋ ನೆನಪಿನಲ್ಲಿ ಉಳಿಯೋದು ಅವಳಿಂದ, ಆದರೆ ಸಹಿ ಮಾತ್ರ ಮೂವರದ್ದು.

ಅದೇ ಗುಂಪು 1972ರ ಕ್ರಿಸ್‌ಮಸ್ ಹಿಂದಿನ ದಿನ ಬೀದಿಯಲ್ಲಿ ‘ನಡೆಯುವ ಗೋಡೆಚಿತ್ರ’ ಮಾಡಿತು. ಗೋಡೆಗೆ ಅಂಟಿಕೊಂಡು ಕೂತು ಕೂತು ಬೇಜಾರಾಗಿ ಚಿತ್ರಗಳೇ ಎದ್ದು ಬಂದ ಹಾಗೆ. ಅದರಲ್ಲಿ ಗ್ರಾಂಕ್ ಕ್ರಿಸ್‌ಮಸ್ ಮರ, ಪ್ಯಾಟ್ಸಿ ಕಪ್ಪು ಬಟ್ಟೆ ತೊಟ್ಟ ಗ್ವಾದಲೂಪೆ ಮಾತೆ, ಅಂದರೆ ಮೆಕ್ಸಿಕೊದವರ ಮರಿಯಮ್ಮ. 1974ರಲ್ಲಿ ಇನ್ನೊಂದು ಮಾಡಿದರು. ಗ್ರಾಂಕ್ ಅವಳನ್ನೂ ಇನ್ನೊಬ್ಬ ಗೆಳೆಯನನ್ನೂ ಬೀದಿ ಗೋಡೆಗೆ ನಿಲ್ಲಿಸಿ ಟೇಪು ಸುತ್ತಿ ಅಂಟಿಸಿದ. ಆ ಫೋಟೋ ನೋಡಿದಾಗಲೆಲ್ಲ ನನಗೆ ಒಂಥರಾ ಆಗುತ್ತದೆ. ತೆಳ್ಳಗಿನ ಟೇಪು, ಒಂದು ಎಳೆತಕ್ಕೆ ಕಿತ್ತು ಬರುವಂಥದ್ದು, ಆದರೂ ಅಲ್ಲೇ ನಿಂತಿದ್ದಾಳೆ.

ಆಮೇಲೆ ಅವಳು ತನ್ನ ಪಾಡಿಗೆ ತಾನು ಬಣ್ಣ ಹಿಡಿದಳು. ಬರೆದಿದ್ದು ಜಾಸ್ತಿ ಮನೆಯೊಳಗಿನ ಕೋಣೆಗಳನ್ನೇ. ಕುರ್ಚಿ, ಮೇಜು, ಪರದೆ ಎಲ್ಲ ಇರುತ್ತದೆ, ಜನ ಇರೋದಿಲ್ಲ, ಆದರೂ ಯಾವುದೂ ಸುಮ್ನೆ ಕೂತಿಲ್ಲ, ಈಗಷ್ಟೇ ಯಾರೋ ಜಗಳ ಆಡಿ ಎದ್ದು ಹೋದ ಹಾಗಿರುತ್ತದೆ. 1994ರಲ್ಲಿ ಬರೆದ ‘ಮಾಯದ ಕೋಣೆ’ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಅಮೆರಿಕನ್ ಕಲಾ ಮ್ಯೂಸಿಯಂನಲ್ಲಿದೆ. ಇನ್ನು, ಹೆಸರು ಅಳಿಸಿದ್ದ ಅದೇ ಲಾಸ್ ಏಂಜಲೀಸ್ ಮ್ಯೂಸಿಯಂ 2011ರಲ್ಲಿ ಆಸ್ಕೊ ಗುಂಪಿನ ದೊಡ್ಡ ಪ್ರದರ್ಶನ ಇಟ್ಟಿತು. ಮೂವತ್ತೊಂಬತ್ತು ವರ್ಷ ತಡ, ಅಷ್ಟೇ!

ಚಿಕಾನಾ ಅಂದ್ರೆ ಏನು? ಲಖನೌ ಚಿಕನ್ ಕಸೂತಿ ಮಾಡೋರಾ?
– ಶಿವಮೊಗ್ಗದ ಓದುಗರು

ಅಲ್ಲ! ಆದರೆ ನೀವು ಕೇಳಿದ್ದು ಒಳ್ಳೆಯದಾಯಿತು, ಇನ್ನೆಷ್ಟು ಜನ ಹಾಗೇ ಅಂದುಕೊಂಡಿದ್ದರೋ. ಮೆಕ್ಸಿಕೊ ಮೂಲದ ಅಮೆರಿಕನ್ನರು ತಮ್ಮನ್ನು ತಾವು ಕರೆದುಕೊಂಡ ಹೆಸರು ಚಿಕಾನೊ. ಸ್ಪ್ಯಾನಿಷ್‌ನಲ್ಲಿ ಕೊನೆಗೆ ‘ಓ’ ಬಂದರೆ ಗಂಡು, ‘ಆ’ ಬಂದರೆ ಹೆಣ್ಣು. ಕ್ಯಾಲಿಫೋರ್ನಿಯಾ ಮತ್ತು ಅದರ ಅಕ್ಕಪಕ್ಕದ ದೊಡ್ಡ ಪ್ರದೇಶ 1848ರವರೆಗೆ ಮೆಕ್ಸಿಕೊ ದೇಶದ್ದೇ ಆಗಿತ್ತು, ಯುದ್ಧದಲ್ಲಿ ಸೋತು ಬಿಟ್ಟುಕೊಟ್ಟರು. ಹಾಗಾಗಿ ನಾವು ಗಡಿ ದಾಟಿ ಬಂದವರಲ್ಲ, ಗಡಿಯೇ ನಮ್ಮನ್ನು ದಾಟಿ ಹೋಯಿತು ಅನ್ನೋ ಮಾತು ಅವರಲ್ಲಿದೆ. ಮೊದಲು ಬೈಗುಳದ ಹಾಗಿದ್ದ ‘ಚಿಕಾನೊ’ ಪದವನ್ನು 1960ರ ದಶಕದ ಚಳವಳಿಯವರು ಹೆಮ್ಮೆಯಿಂದ ಎತ್ತಿಕೊಂಡರು.

ಸಮಾನತೆಗಾಗಿ ಹೋರಾಡಿದವರೇ ತಮ್ಮ ಹೆಣ್ಣುಮಕ್ಕಳನ್ನು ಹಿಂದೆ ಇಟ್ಟರು ಎಂದರೆ ನಂಬುವುದು ಕಷ್ಟ. ನೀವು ಸ್ವಲ್ಪ ಉಪ್ಪು ಖಾರ ಹಚ್ಚುತ್ತಿಲ್ಲ ತಾನೆ?
– ನಿವೃತ್ತ ಅಧ್ಯಾಪಕರು, ಮೈಸೂರು

ಮೇಷ್ಟ್ರೇ, ಹಚ್ಚಬೇಕಾದ ಅಗತ್ಯವೇ ಇಲ್ಲ. 1969ರಲ್ಲಿ ಡೆನ್ವರ್‌ನಲ್ಲಿ ಚಿಕಾನೊ ಯುವಕ ಯುವತಿಯರ ದೊಡ್ಡ ಸಮಾವೇಶ ನಡೆಯಿತು. ಹೆಂಗಸರ ಗೋಷ್ಠಿ ಮುಗಿದ ಮೇಲೆ ವೇದಿಕೆಯಲ್ಲಿ ವರದಿ ಒಪ್ಪಿಸಿದಾಗ ಹೇಳಿದ್ದೇನು ಗೊತ್ತಾ? ಚಿಕಾನಾ ಹೆಣ್ಣಿಗೆ ಬಿಡುಗಡೆ ಬೇಕಾಗಿಲ್ಲ ಅಂತ. ಬೇಕು ಅಂದವರಿಗೆ ‘ವೆಂದಿದಾ’ ಅನ್ನೋ ಬೈಗುಳ ಕಾದಿತ್ತು, ಅಂದರೆ ಮಾರಿಕೊಂಡವಳು. ಬಿಳಿ ಹೆಂಗಸರ ಮಾತು ಕೇಳಿ ನಮ್ಮ ಒಗ್ಗಟ್ಟು ಮುರೀತೀಯಾ ಅಂತ. ಮನೆ ಒಳಗಿನ ಮಾತು ಈಗ ಬೇಡ, ಮೊದಲು ಹೊರಗಿನ ಶತ್ರು ಅನ್ನೋ ವಾದ. ಇದು ನಿಮಗೂ ಎಲ್ಲೋ ಕೇಳಿದ ಹಾಗಿರಬೇಕು.

ಕಲೆಯಲ್ಲೂ ಅದೇ. ಲಾಸ್ ಏಂಜಲೀಸಿನ ‘ಲಾಸ್ ಫೋರ್’ ಅನ್ನೋ ಗುಂಪಿನ ಪ್ರದರ್ಶನ 1974ರಲ್ಲಿ ಆ ಕೌಂಟಿ ಮ್ಯೂಸಿಯಂನಲ್ಲೇ ಆಯಿತು. ಅಷ್ಟು ದೊಡ್ಡ ಮ್ಯೂಸಿಯಂನಲ್ಲಿ ಚಿಕಾನೊಗಳಿಗೆ ಸಿಕ್ಕ ಮೊದಲ ಅವಕಾಶ ಅದು. ನಾಲ್ವರೂ ಗಂಡಸರು. ಆಮೇಲೆ ಜುಡಿತ್ ಎರ್ನಾಂಡೆಜ್ ಐದನೆಯವಳಾಗಿ ಸೇರಿದರು, ಗುಂಪಿಗೆ ಅವರೊಬ್ಬರೇ ಹೆಂಗಸು. ಐದು ಜನ ಆದ ಮೇಲೂ ಗುಂಪಿನ ಹೆಸರು ಮಾತ್ರ ‘ನಾಲ್ವರು’ ಅಂತಲೇ ಉಳಿಯಿತು. ಬೋರ್ಡ್ ಬದಲಾಯಿಸೋಕೆ ಖರ್ಚು ಅಂತಲೋ ಏನೋ.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಾಲ್ಕು ಹೆಂಗಸರು ಬೇರೆಯೇ ದಾರಿ ಹಿಡಿದರು. ಪೆಟ್ರೀಶಿಯಾ ರೊಡ್ರಿಗೆಜ್, ಗ್ರಾಸಿಯೆಲಾ ಕರಿಯೋ, ಕೊನ್ಸುಎಲೊ ಮೆಂಡೆಜ್, ಐರೀನ್ ಪೆರೆಜ್. ನಿಮ್ಮ ಗುಂಪಿಗೆ ನಮ್ಮನ್ನು ಸೇರಿಸಿಕೊಳ್ಳಿ ಅಂತ ಕಾಯುತ್ತ ಕೂರದೆ ‘ಮುಹೇರೆಸ್ ಮುರಾಲಿಸ್ತಾಸ್’ ಅಂತ ತಮ್ಮದೇ ಗುಂಪು ಕಟ್ಟಿದರು. ಅರ್ಥ ಸಲೀಸು, ಗೋಡೆಚಿತ್ರದ ಹೆಂಗಸರು. ಗೋಡೆಚಿತ್ರ ಅಂದರೆ ಮೂರು ಅಂತಸ್ತು ಸಾರ್ವೆ ಕಟ್ಟಬೇಕು, ಹತ್ತಬೇಕು, ಬಕೆಟ್ ಬಣ್ಣ ಮೇಲೆಳೆಯಬೇಕು, ಬೀದಿಯಲ್ಲಿ ಹೋಗೋರೆಲ್ಲ ನಿಂತು ನೋಡ್ತಾರೆ. ಅದು ಹೆಂಗಸರ ಕೈಲಾಗೋ ಕೆಲಸವಲ್ಲ ಅನ್ನೋ ಮಾತು ಅವರದೇ ಕಲಾವಿದ ಗೆಳೆಯರಿಂದ ಬಂತು. ಇವರು ಹತ್ತಿದರು. 1974ರಲ್ಲಿ ಮಿಷನ್ ಬೀದಿಯಲ್ಲಿ ‘ಲ್ಯಾಟಿನ್ ಅಮೆರಿಕ’ ಅನ್ನೋ ದೊಡ್ಡ ಚಿತ್ರ ಬರೆದರು. ಅದೇ ವರ್ಷ ಒಂದು ಟಾಕೋ ಅಂಗಡಿಯ ಗೋಡೆಗೆ ಸಂತೆಯ ಚಿತ್ರ. ಇದರ ಹಿನ್ನೆಲೆ ನನಗೆ ಬಹಳ ಇಷ್ಟ. ಹತ್ತಿರದಲ್ಲೇ ಮೆಕ್‌ಡೊನಾಲ್ಡ್ಸ್ ಬಂದು, ಟಾಕೋ ಅಂಗಡಿಯವರಿಗೆ ಗಿರಾಕಿ ಹೋಗುವ ಭಯ ಹತ್ತಿತ್ತು, ಗೋಡೆಗೆ ಚಿತ್ರ ಬೇಕು ಅಂದರು.

ಆಗ ಇನ್ನೊಂದು ತಕರಾರು ಎದ್ದಿತು. ಗಂಡಸರ ಗೋಡೆಗಳಲ್ಲಿ ಬಂದೂಕು, ಮುಷ್ಟಿ, ಕ್ರಾಂತಿ, ಆಜ್ಟೆಕ್ ವೀರರು. ಇವರ ಗೋಡೆಯಲ್ಲಿ ಮೆಕ್ಕೆಜೋಳ, ಸಂತೆ, ಹಬ್ಬ, ಮಕ್ಕಳನ್ನು ಎತ್ತಿಕೊಂಡ ತಾಯಂದಿರು. ಇದರಲ್ಲಿ ರಾಜಕೀಯ ಎಲ್ಲಿದೆ ಅಂದರು. ಊಟ ಬೆಳೆಯೋದು, ಮಾರೋದು, ಬಡಿಸೋದು ರಾಜಕೀಯ ಅಲ್ಲ ಅನ್ನೋಕೆ ಊಟ ಮಾತ್ರ ಮಾಡಿ ಗೊತ್ತಿರಬೇಕು, ಇದು ನನ್ನ ಅಭಿಪ್ರಾಯ, ಸಿಟ್ಟಾಗಬೇಡಿ.

ಮಗಳ ಶಾಲೆಯಲ್ಲಿ ಒಂದು ಪೋಸ್ಟರ್ ತೋರಿಸಿದರಂತೆ. ಒಣದ್ರಾಕ್ಷಿ ಡಬ್ಬಿ ಮೇಲೆ ಅಸ್ಥಿಪಂಜರ. ಅವತ್ತಿನಿಂದ ಪಾಯಸದಲ್ಲಿ ದ್ರಾಕ್ಷಿ ಆರಿಸಿ ಪಕ್ಕಕ್ಕಿಡುತ್ತಾಳೆ. ಇದೂ ಚಿಕಾನಾ ಕಲೆಯೇ?
– ಸ್ಯಾನ್ ಹೊಸೆಯಲ್ಲಿರುವ ಕನ್ನಡತಿ, ಕ್ಯಾಲಿಫೋರ್ನಿಯಾ

ಹೌದು, ಎಸ್ಟರ್ ಎರ್ನಾಂಡೆಜ್ ಅವರದ್ದು, 1982ರ ಸ್ಕ್ರೀನ್ ಪ್ರಿಂಟ್. ಸನ್ ಮೇಡ್ ಡಬ್ಬಿ ನಿಮ್ಮ ಅಡುಗೆಮನೆಯಲ್ಲೇ ಇರಬಹುದು, ಕೆಂಪು ಟೋಪಿಯ ಹುಡುಗಿ ದ್ರಾಕ್ಷಿ ಬುಟ್ಟಿ ಹಿಡಿದು ನಗುತ್ತಾ ನಿಂತಿರುತ್ತಾಳಲ್ಲ. ಎಸ್ಟರ್ ಆ ಹುಡುಗಿಯ ಜಾಗದಲ್ಲಿ ಅಸ್ಥಿಪಂಜರ ಇಟ್ಟು, ಹೆಸರನ್ನು ಒಂದೆರಡು ಅಕ್ಷರ ತಿರುಚಿ ‘ಸನ್ ಮ್ಯಾಡ್’ ಮಾಡಿದರು. ಟೋಪಿ ಅದೇ, ಬುಟ್ಟಿ ಅದೇ, ನಗು ಮಾತ್ರ ಹಲ್ಲಿನದು. ಕೆಳಗೆ ಕೀಟನಾಶಕ, ಕಳೆನಾಶಕ, ಶಿಲೀಂಧ್ರನಾಶಕ ಅಂತ ಪಟ್ಟಿ.

ನಿಮ್ಮಿಂದ ಕೆಲವು ಗಂಟೆ ದಾರಿಯಲ್ಲಿರೋ ಡಿನುಬಾ ಅವರ ಊರು. ಮನೆಯವರೆಲ್ಲ ಹೊಲದ ಕೂಲಿಗೆ ಹೋದವರು. ತಮ್ಮೂರಿನ ನೀರಿಗೆ ಔಷಧಿ ಸೇರಿ ಹಾಳಾಗಿದೆ ಅಂತ ಗೊತ್ತಾದ ಮೇಲೆ ಹುಟ್ಟಿದ ಚಿತ್ರ ಇದು. ಹಾಗಾಗಿ ಮಗಳಿಗೆ ಹೇಳಿ, ಆ ಚಿತ್ರ ಬರೆದವರಿಗೆ ಸಿಟ್ಟಿದ್ದಿದ್ದು ದ್ರಾಕ್ಷಿ ಮೇಲಲ್ಲ, ಅದನ್ನು ಕೀಳೋ ಕೈಗಳನ್ನು ಯಾರೂ ಕೇಳದೇ ಇದ್ದಿದ್ದರ ಮೇಲೆ. ದ್ರಾಕ್ಷಿ ಚೆನ್ನಾಗಿ ತೊಳೆದು ತುಪ್ಪದಲ್ಲಿ ಹುರಿದು ಹಾಕಿ, ತಿಂದಾಳು.

ನಾನು ಕ್ಯಾಥೊಲಿಕ್. ಇದೇ ಕಲಾವಿದೆಯರು ಮರಿಯಮ್ಮನವರನ್ನು ಓಡುವ ಹಾಗೆ, ಒದೆಯುವ ಹಾಗೆ ಬರೆದಿದ್ದಾರೆ ಎಂದು ಮೊಮ್ಮಗಳು ಫೋನಿನಲ್ಲಿ ತೋರಿಸಿದಳು. ಮನಸ್ಸಿಗೆ ನೋವಾಯಿತು. ಇದು ಅಗತ್ಯವಿತ್ತೇ?
– ಹಿರಿಯ ಓದುಗರು, ಮಂಗಳೂರು

ಅಮ್ಮಾ, ನಿಮ್ಮ ನೋವನ್ನು ನಾನು ಹಗುರ ಮಾಡೋದಿಲ್ಲ. ಒಂದು ಕ್ಷಣ ಆ ಚಿತ್ರಗಳನ್ನು ಮತ್ತೆ ನೋಡೋಣ ಅಷ್ಟೇ, ಆಮೇಲೂ ಇಷ್ಟ ಆಗದಿದ್ದರೆ ಬಿಡಿ.

ಗ್ವಾದಲೂಪೆ ಮಾತೆ 1531ರಲ್ಲಿ ಮೆಕ್ಸಿಕೊದ ತೆಪೆಯಾಕ್ ಗುಡ್ಡದ ಮೇಲೆ ಒಬ್ಬ ಬಡ ಆದಿವಾಸಿಗೆ ಕಾಣಿಸಿಕೊಂಡು, ಅವನ ನಾವಾಟಲ್ ಭಾಷೆಯಲ್ಲೇ ಮಾತಾಡಿದರು ಅನ್ನೋದು ನಂಬಿಕೆ. ಮೈಬಣ್ಣವೂ ಅವನ ಹಾಗೇ ಕಂದು. ಅಲ್ಲಿನ ಹೊಲದ ಕೂಲಿಗಳ ಚಳವಳಿಯ ಮೆರವಣಿಗೆಯಲ್ಲೂ ಮುಂದೆ ಇದ್ದಿದ್ದು ಅವರ ಬಾವುಟವೇ. ಅಂದರೆ ಈ ಹುಡುಗಿಯರಿಗೆ ಅವರು ಹೊರಗಿನವರಲ್ಲ, ಹುಟ್ಟಿದಾಗಿನಿಂದ ಮನೆ ಗೋಡೆ ಮೇಲಿದ್ದ ತಾಯಿ. ತೊಂದರೆ ಏನಾಯಿತು ಅಂದರೆ, ತಲೆ ತಗ್ಗಿಸಿ ಕೈ ಮುಗಿದು ನಿಂತ ಆ ರೂಪವನ್ನೇ ತೋರಿಸಿ, ಹೆಣ್ಣು ಅಂದರೆ ಹೀಗಿರಬೇಕು ಅಂತ ಹೇಳಿ ಹೇಳಿ ಬೆಳೆಸಿದರು.

ಎಸ್ಟರ್ 1975ರಲ್ಲಿ ಕರಾಟೆ ಬಟ್ಟೆ ತೊಡಿಸಿ ಕಾಲೆತ್ತಿದ ಗ್ವಾದಲೂಪೆಯನ್ನು ಬರೆದರು. ಆ ಚಿತ್ರದ ಹೆಸರೇ ಚಿಕಾನೊ ಜನರ ಹಕ್ಕು ಕಾಯುವ ತಾಯಿ ಅಂತ. ಮಹಿಷಾಸುರನ ಎದೆ ಮೇಲೆ ಕಾಲಿಟ್ಟ ದೇವಿಯನ್ನು ನೋಡಿ ಬೆಳೆದ ನನ್ನಂಥವರಿಗೆ ಇದು ಅಷ್ಟೊಂದು ವಿಚಿತ್ರ ಅನಿಸೋದಿಲ್ಲ ಅನ್ನೋದನ್ನೂ ಒಪ್ಪಿಕೊಳ್ಳುತ್ತೇನೆ.

ಓಡುವ ಚಿತ್ರ ಯೊಲಾಂಡಾ ಲೋಪೆಜ್ ಅವರದ್ದು, 1978. ಅದು ಒಂದಲ್ಲ, ಮೂರು ಚಿತ್ರ, ಮೂರನ್ನೂ ಒಟ್ಟಿಗೆ ನೋಡಬೇಕು. ನಿಮ್ಮ ಮೊಮ್ಮಗಳು ಒಂದನ್ನೇ ತೋರಿಸಿರಬೇಕು. ಒಂದರಲ್ಲಿ ಕಲಾವಿದೆ ತಾನೇ, ಓಟದ ಶೂ ಹಾಕಿಕೊಂಡು, ಒಂದು ಕೈಯಲ್ಲಿ ಹಾವು, ಇನ್ನೊಂದರಲ್ಲಿ ನಕ್ಷತ್ರದ ಸೆರಗು ಹಿಡಿದು ಪ್ರಭಾವಳಿಯಿಂದ ಹಾರಿ ಹೊರಗೆ ಬರುತ್ತಿದ್ದಾರೆ. ಎರಡನೆಯದರಲ್ಲಿ ಅವರ ತಾಯಿ. ಕನ್ನಡಕ ಹಾಕಿಕೊಂಡು ಹೊಲಿಗೆ ಮಿಷನ್ ಮುಂದೆ ಕೂತಿದ್ದಾರೆ. ಹೊಲಿಯುತ್ತಿರೋದು ಬೇರೇನಲ್ಲ, ಅದೇ ನಕ್ಷತ್ರದ ಸೆರಗನ್ನು. ಜೀವನವಿಡೀ ಹೊಲಿಗೆ ಕೆಲಸ ಮಾಡಿ ಮಕ್ಕಳನ್ನು ಸಾಕಿದ ಹೆಂಗಸು ಅವರು. ಮೂರನೆಯದು ಅಜ್ಜಿ, ಕೈಯಲ್ಲಿ ಚಾಕು ಮತ್ತು ಸುಲಿದ ಹಾವಿನ ಚರ್ಮ, ಸುಮ್ಮನೆ ನೇರ ನಮ್ಮನ್ನೇ ನೋಡುತ್ತಾ ಕೂತಿದ್ದಾರೆ. ದೇವರ ಹಿಂದಿನ ಚಿನ್ನದ ಬೆಳಕನ್ನು ತಂದು ತಮ್ಮ ಮನೆ ಹೆಂಗಸರ ಹಿಂದೆ ಇಟ್ಟಿದ್ದಾರೆ. ನನಗೆ ಆ ತಾಯಿಯ ಚಿತ್ರದಲ್ಲಿ ಅವಮಾನ ಎಷ್ಟು ಹುಡುಕಿದರೂ ಕಾಣಲಿಲ್ಲ.

ನಿಮ್ಮ ಹಾಗೆ ನೊಂದವರು ಅಲ್ಲೂ ಇದ್ದರು. 2001ರಲ್ಲಿ ಸಾಂಟಾ ಫೆ ಊರಿನ ಜಾನಪದ ಕಲಾ ಮ್ಯೂಸಿಯಂನಲ್ಲಿ ಅಲ್ಮಾ ಲೋಪೆಜ್ ಅನ್ನೋ ಇನ್ನೊಬ್ಬರ ಚಿತ್ರ ಇಟ್ಟಾಗ ಆರ್ಚ್‌ಬಿಷಪ್ಪರೇ ವಿರೋಧಿಸಿದರು, ಪ್ರತಿಭಟನೆ ಆಯಿತು. ಅದರಲ್ಲಿ ಮಾತೆ ಗುಲಾಬಿ ಹೂಗಳನ್ನಷ್ಟೇ ಉಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಮ್ಯೂಸಿಯಂನವರು ಚಿತ್ರ ತೆಗೆಯಲಿಲ್ಲ, ಆದರೆ ಪ್ರದರ್ಶನವನ್ನು ನಿಗದಿಗಿಂತ ಮೊದಲೇ ಮುಗಿಸಿದರು. ಅದು ನಿಮಗೆ ಖಂಡಿತ ಇಷ್ಟವಾಗಲಿಕ್ಕಿಲ್ಲ. ಮೊಮ್ಮಗಳ ಹತ್ತಿರ ಆ ಹೊಲಿಗೆ ಮಿಷನ್ ಚಿತ್ರ ಮಾತ್ರ ಕೇಳಿ ನೋಡಿ.

ನಾನು ಪ್ರತಿ ದಸರಾಕ್ಕೆ ಒಂಬತ್ತು ಮೆಟ್ಟಿಲು ಗೊಂಬೆ ಕೂರಿಸುತ್ತೇನೆ, ಊರೆಲ್ಲ ನೋಡೋಕೆ ಬರುತ್ತದೆ. ಮನೆಯವರು ಮಾತ್ರ ‘ಅದೇನು ಕಲೆಯಾ, ಟೈಂಪಾಸು’ ಅನ್ನುತ್ತಾರೆ. ನಿಮ್ಮ ಚಿಕಾನಾಗಳು ಇದಕ್ಕೇನಂತಾರೆ?
– ಗೃಹಿಣಿ, ಹಾಸನ

ನಿಮ್ಮ ಯಜಮಾನರಿಗೆ ಅಮಾಲಿಯಾ ಮೇಸಾ-ಬೇನ್ಸ್ ಅವರ ಕತೆ ಹೇಳಿ. ಮೆಕ್ಸಿಕನ್ ಮನೆಗಳಲ್ಲಿ ಹೆಂಗಸರು ಒಂದು ಮೂಲೆಯಲ್ಲಿ ದೇವರು, ತೀರಿಕೊಂಡವರ ಫೋಟೋ, ಹೂವು, ಮೇಣದಬತ್ತಿ, ಲೇಸಿನ ಬಟ್ಟೆ ಇಟ್ಟು ಅಲಂಕಾರ ಮಾಡ್ತಾರೆ. ತಲೆಮಾರುಗಳಿಂದ ಮಾಡಿದ್ದಾರೆ, ಯಾರೂ ಕಲೆ ಅನ್ನಲಿಲ್ಲ. ಅಮಾಲಿಯಾ ಆ ಮೂಲೆಯನ್ನೇ ಎತ್ತಿ ಗ್ಯಾಲರಿಯೊಳಗೆ ತಂದು ಇಟ್ಟರು. 1984ರಲ್ಲಿ ಸಿನಿಮಾ ನಟಿ ದೊಲೋರೆಸ್ ದೆಲ್ ರಿಯೊ ಅವರ ನೆನಪಿಗೆ ಒಂದು ಮಾಡಿದರು. ಕನ್ನಡಿ, ಫೋಟೋ, ಬಟ್ಟೆ, ಒಣಗಿದ ಹೂವು ಎಲ್ಲ ಇರೋ ಮಂಟಪ, ಅದೂ ಈಗ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. 1992ರಲ್ಲಿ ಅವರಿಗೆ ಮೆಕಾರ್ಥರ್ ಫೆಲೊಶಿಪ್ ಬಂತು.

ಅವರು ಒಂದು ಪದವನ್ನೂ ಕೊಟ್ಟರು, ‘ದೊಮೆಸ್ತಿಕಾನಾ’. ಇರೋ ಬರೋ ಚೂರುಪಾರುಗಳಲ್ಲೇ ಜೋರಾಗಿ, ಧಿಮಾಕಾಗಿ ಏನಾದರೂ ಕಟ್ಟೋದಕ್ಕೆ ಚಿಕಾನೊಗಳಲ್ಲಿ ‘ರಾಸ್ಕ್ವಾಚೆ’ ಅನ್ನೋ ಮಾತಿತ್ತು. ಅದು ಬೀದಿಯದು, ಮನೆಯೊಳಗೆ ಹೆಂಗಸರು ಮಾಡೋದಕ್ಕೆ ಬೇರೆ ಹೆಸರು ಬೇಕು ಅಂದರು ಅಮಾಲಿಯಾ. ಟೆಕ್ಸಸ್‌ನ ಕಾರ್ಮೆನ್ ಲೋಮಾಸ್ ಗಾರ್ಸಾ ಅವರದ್ದು ಇದರ ಇನ್ನೊಂದು ಮುಖ. ಇಡೀ ಮನೆಮಂದಿ ಅಡುಗೆಮನೆಯಲ್ಲಿ ಸೇರಿ ತಮಾಲೆ ಕಟ್ಟೋದನ್ನು ಬರೆದಿದ್ದಾರೆ. ಮೆಕ್ಕೆಜೋಳದ ಹಿಟ್ಟಿಗೆ ಹೂರಣ ಇಟ್ಟು ಮೆಕ್ಕೆಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸ್ತಾರೆ, ನಮ್ಮ ಅರಿಶಿನೆಲೆ ಕಡುಬು ಸುತ್ತೋ ಹಾಗೆ. ಅವರ ಇನ್ನೊಂದು ಚಿತ್ರದಲ್ಲಿ ಇಬ್ಬರು ಹುಡುಗಿಯರು ರಾತ್ರಿ ಮನೆ ಛಾವಣಿ ಮೇಲೆ ಮಲಗಿ ನಕ್ಷತ್ರ ನೋಡ್ತಿದ್ದಾರೆ, ಕೆಳಗೆ ಕಿಟಕಿಯೊಳಗೆ ಅಮ್ಮ ಅವರ ಹಾಸಿಗೆ ಸರಿಮಾಡ್ತಿದ್ದಾಳೆ. ನನಗೆ ಅಷ್ಟು ಸಣ್ಣ ಕಿಟಕಿಯೇ ಇಡೀ ಚಿತ್ರಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಮುಂದಿನ ದಸರಾಕ್ಕೆ ಗೊಂಬೆ ಇಳಿಸೋ, ಒರೆಸೋ ಕೆಲಸ ಯಜಮಾನರಿಗೆ ಒಂದು ದಿನ ಕೊಟ್ಟು ನೋಡಿ.

ಇಷ್ಟೆಲ್ಲ ಮಾಡಿ ಅವರಿಗೆ ಸಿಕ್ಕಿದ್ದೇನು? ಗೆದ್ದರಾ?
– ಬೆಂಗಳೂರು

ಒಬ್ಬೊಬ್ಬರಿಗೆ ಒಂದೊಂದು ಥರ. ಬಾರ್ಬರಾ ಕರಾಸ್ಕೊ 1981ರಲ್ಲಿ ಲಾಸ್ ಏಂಜಲೀಸಿನ ಇತಿಹಾಸ ಬರೆದರು, ಒಬ್ಬ ಹೆಂಗಸಿನ ಉದ್ದ ಕೂದಲಿನ ಎಳೆ ಎಳೆಯಲ್ಲೂ ಒಂದೊಂದು ಘಟನೆ. ಕೆಲಸ ಒಪ್ಪಿಸಿದ್ದ ನಗರದ ಸಂಸ್ಥೆ ಹದಿನಾಲ್ಕು ದೃಶ್ಯ ತೆಗೆಯಿರಿ ಅಂದಿತು. ಎರಡನೇ ಮಹಾಯುದ್ಧದಲ್ಲಿ ಜಪಾನಿ ಮೂಲದವರನ್ನು ಶಿಬಿರಕ್ಕೆ ತಳ್ಳಿದ್ದು, ಹಿಂದೊಮ್ಮೆ ಒಂದು ಗೋಡೆಚಿತ್ರಕ್ಕೆ ಸುಣ್ಣ ಬಳಿದಿದ್ದು, ಇಂಥವು ಅವರಿಗೆ ಬೇಡವಾಗಿತ್ತು. ಬಾರ್ಬರಾ ಒಂದನ್ನೂ ತೆಗೆಯಲಿಲ್ಲ. ಚಿತ್ರ ಗೋಡೆಗೆ ಹೋಗಲಿಲ್ಲ, ಹಲವಾರು ವರ್ಷ ಗೋಡೌನಿನಲ್ಲಿ ಬಿದ್ದಿತ್ತು. 2018ರಲ್ಲಿ ಆ ಊರಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಪ್ರದರ್ಶಿಸಿತು, ಆಮೇಲೆ ತಾನೇ ಇಟ್ಟುಕೊಂಡಿತು.

ಮೇಲೆ ಹೇಳಿದ ಯೊಲಾಂಡಾ ಲೋಪೆಜ್ ಅವರ ಮೊದಲ ಒಂಟಿ ಮ್ಯೂಸಿಯಂ ಪ್ರದರ್ಶನ ಹುಟ್ಟೂರು ಸ್ಯಾನ್ ಡಿಯೆಗೊದಲ್ಲಿ 2021ರ ಅಕ್ಟೋಬರಿನಲ್ಲಿ ಶುರುವಾಯಿತು. ಅವರು ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರು. ಗೆದ್ದರಾ ಅಂತ ಕೇಳಿದಿರಿ. ನನಗೆ ಇದಕ್ಕೆ ಹೌದು ಅನ್ನೋಕೂ ಬಾಯಿ ಬರುತ್ತಿಲ್ಲ, ಇಲ್ಲ ಅನ್ನೋಕೂ ಇಲ್ಲ.

ಡಿಸೆಂಬರಿನಲ್ಲಿ ಮಗನ ಮನೆಗೆ ಲಾಸ್ ಏಂಜಲೀಸಿಗೆ ಹೋಗುತ್ತಿದ್ದೇವೆ. ಡಿಸ್ನಿಲ್ಯಾಂಡ್ ಸಾಕಾಗಿದೆ. ಟಿಕೆಟ್ ಇಲ್ಲದೆ ನೋಡೋಕೆ ಏನಾದರೂ ಇದೆಯಾ?
– ತುಮಕೂರಿನ ದಂಪತಿ

ಇದೆ, ಅದೂ ಸುಮಾರು 840 ಮೀಟರ್ ಉದ್ದದ್ದು. ಸ್ಯಾನ್ ಫರ್ನಾಂಡೊ ಕಣಿವೆಯ ಕಡೆ ತುಹುಂಗಾ ವಾಶ್ ಅನ್ನೋ ಕಾಂಕ್ರೀಟು ಕಾಲುವೆ ಇದೆ, ಮಳೆನೀರು ಹೋಗೋಕೆ ಕಟ್ಟಿದ್ದು. ಅದರ ಒಳಗೋಡೆ ಮೇಲೆ ಜೂಡಿ ಬಾಕಾ ಅವರು ‘ಲಾಸ್ ಏಂಜಲೀಸಿನ ಮಹಾಗೋಡೆ’ ಬರೆಸಿದ್ದಾರೆ. 1976ರಿಂದ 1983ರವರೆಗೆ ಐದು ಬೇಸಿಗೆ ಕೆಲಸ, ನಾನ್ನೂರಕ್ಕೂ ಹೆಚ್ಚು ಹುಡುಗ ಹುಡುಗಿಯರು ಕೈ ಹಚ್ಚಿದ್ದರು. ಅದೇ 1976ರಲ್ಲಿ ಬಾಕಾ ಇನ್ನಿಬ್ಬರು ಹೆಂಗಸರ ಜೊತೆ ಸೇರಿ ಸ್ಪಾರ್ಕ್ ಅನ್ನೋ ಸಂಸ್ಥೆ ಶುರುಮಾಡಿದ್ದರು, ವೆನಿಸ್ ಬಡಾವಣೆಯ ಹಳೇ ಪೊಲೀಸ್ ಠಾಣೆಯಲ್ಲಿ ಅದು ಈಗಲೂ ಇದೆ. 2023ರಲ್ಲಿ ಅವರು ಮಹಾಗೋಡೆಯ ಮುಂದಿನ ಭಾಗ ಬರೆಯೋಕೆ ಕೂತಿದ್ದು ಎಲ್ಲಿ ಅಂದುಕೊಂಡಿರಿ? ಆ ಮೊದಲ ಫೋಟೋದ ಮ್ಯೂಸಿಯಂ ಒಳಗೇ, ಜನ ನೋಡ್ತಿರೋವಾಗ.

ಕೋಲ್ಡ್‌ವಾಟರ್ ಕ್ಯಾನಿಯನ್ ಅವೆನ್ಯೂ, ಬರ್‌ಬ್ಯಾಂಕ್ ಬುಲೆವಾರ್ಡಿಗೂ ಆಕ್ಸ್‌ನಾರ್ಡ್ ಬೀದಿಗೂ ನಡುವೆ ಅಂತ ಮಗನಿಗೆ ಹೇಳಿ. ಚಿತ್ರ ಕಾಲುವೆಯ ಒಳಗಿದೆ, ನೀವು ಮೇಲಿನ ದಾರಿಯಲ್ಲಿ ನಡೆಯುತ್ತಾ ಎದುರು ಗೋಡೆ ನೋಡಬೇಕು, ಹಾಗಾಗಿ ದೂರದ ಕನ್ನಡಕ ಮರೆಯಬೇಡಿ. 1950ರ ದಶಕದ ಭಾಗ ಬಂದಾಗ ಸ್ವಲ್ಪ ನಿಧಾನಿಸಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಕಾರ್ಖಾನೆಗೆ ಹೋಗಿದ್ದ ಹೆಂಗಸರ ಗುರುತು ‘ರೋಸಿ’. ಗಂಡಸರು ಯುದ್ಧ ಮುಗಿಸಿ ವಾಪಸ್ ಬಂದ ಮೇಲೆ ಅವಳನ್ನು ವ್ಯಾಕ್ಯೂಮ್ ಕ್ಲೀನರ್ ಹೀರಿ ಟಿವಿಯೊಳಗಿನ ಮನೆಗೆ ಎಳೆದುಕೊಳ್ಳುತ್ತಿರೋ ಹಾಗೆ ಬರೆದಿದ್ದಾರೆ. ನಮ್ಮ ಹಾಸನದ ಓದುಗರಿಗೆ ಅಂತ ಅದರದ್ದೊಂದು ಫೋಟೋ ತೆಗೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ, ಈ ಸಲ ಕೆಳಗೆ ಎಲ್ಲ ವಿವರ ಸಮೇತ.